ನೂರಾ ಹನ್ನೆರಡನೇ ಪುಟ

"ನೂರಾ ಹನ್ನೆರಡನೇ ಪುಟ ಓದಿದವರು ನೀವೇ ಏನ್ರಿ?"

ಚಹಾದ ಗ್ಲಾಸು ಸುಮೇಧಾಳ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಠಾಣೆಯ ವಾಗ್ಳೆ ಎಸ್ಟೇಟಿನ ಚಹಾ ಟಪರಿ, ಮಧ್ಯಾಹ್ನ ಎರಡರ ಗದ್ದಲ. ಎದುರಿಗೆ ಗುರುತಿಲ್ಲದ ಯುವಕನೊಬ್ಬ. ಗಡ್ಡ ಬೋಳಿಸಿ ನಾಲ್ಕು ದಿನವಾಗಿರಬೇಕು. ಬೆರಳ ತುದಿಯಲ್ಲಿ ತೊಳೆದರೂ ಹೋಗದ ಶಾಯಿ. ಇನ್ನು ಆ ಕಣ್ಣು... ಅಬ್ಬಾ! ಅದರಲ್ಲಿದ್ದದ್ದು ಸಿಟ್ಟೋ, ಸಂತೋಷವೋ? ಎರಡೂ ಒಟ್ಟಿಗೆ ಇದ್ದ ಹಾಗಿತ್ತು.

"ಯಾರು ನೀವು?"

"ನಿಮ್ಮ ಈಮೇಲಿನ ಕೆಳಗ ಐತಾಳ ಅಂತ ಹೆಸರು, ಆಫೀಸಿನ ವಿಳಾಸ ಇತ್ತು. ಹೆಸರು ನೋಡಿ ಕನ್ನಡದೋರು ಅಂತ ಗೊತ್ತಾತು. ಮೊದಲು ನನಗ ಹೇಳ್ರಿ. ಶುಭ್ರವರ್ಣ ಕೆಮಿಕಲ್ಸ್ ಕಂಪನಿಯ ವಾರ್ಷಿಕ ವರದಿ... ಖರೇನೇ ಓದಿದ್ರೇನು?"

"ಓದದೆ ಮತ್ತೆ? ನನ್ನ ಕೆಲಸವೇ ಅದು."

ಅವನು ಒಂದು ಗಳಿಗೆ ಕಣ್ಣು ಮುಚ್ಚಿದ. ತೆರೆದಾಗ ಆ ಸಂತೋಷ ಇರಲಿಲ್ಲ, ಸಿಟ್ಟು ಮಾತ್ರ ಉಳಿದಿತ್ತು.

"ಅಚ್ಚಿಗೆ ಆ ಪುಟ ಜೋಡಿಸಿದಾಂವ ನಾನು. ಅಂಬಾರಾಯ ಅಂತ. ನಿಮ್ಮ ಈಮೇಲ್ ಬಂದ ಮರುದಿನ ಪ್ರೆಸ್ಸಿನವರು ನನ್ನ ಹೊರಗ ಹಾಕಿದ್ರು."

ಸುಮೇಧಾಳಿಗೆ ಈಗ ಅರ್ಥವಾಯಿತು. ಆದರೆ ಅರ್ಥವಾದದ್ದು ಅರ್ಧ ಮಾತ್ರ. ಅರ್ಧ ಗೊತ್ತಿದ್ದವರ ಬಾಯಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ?

ವಿಷಯ ಇಷ್ಟೇ. ಸುಮೇಧಾ ಕೆಲಸ ಮಾಡುವುದು ಒಂದು ಸಣ್ಣ ರಿಸರ್ಚ್ ಆಫೀಸಿನಲ್ಲಿ. ಶೇರು ಮಾರುಕಟ್ಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿ ಓದಿ, ಯಾವುದು ಗಟ್ಟಿ ಯಾವುದು ಟೊಳ್ಳು ಅಂತ ಬರೆಯುವ ಕೆಲಸ. ಎಲ್ಲರೂ ಅಧ್ಯಕ್ಷರ ನಗುಮುಖದ ಫೋಟೋದಿಂದ ಶುರು ಮಾಡಿದರೆ ಇವಳು ಕೊನೆಯ ಪುಟದಿಂದ ಓದುತ್ತಾಳೆ. ಅದು ಅಪ್ಪಯ್ಯ ಪುಂಡರೀಕಾಕ್ಷ ಐತಾಳರು ಕಲಿಸಿದ ಪಾಠ. ಮೂವತ್ತು ವರ್ಷ ವರ್ತಕ ನಗರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದವರು. "ಹೋಟೆಲು ಹೇಗುಂಟು ಅಂತ ಗೊತ್ತಾಗಬೇಕಾದರೆ ಮುಂಬಾಗಿಲಿಂದ ಹೋಗಬೇಡ ಮಗಾ, ಹಿಂಬಾಗಿಲಿಂದ ಅಡುಗೆಮನೆಗೆ ಹೋಗು" ಅನ್ನುತ್ತಿದ್ದರು.

ಕಂಪನಿ ಶೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಿದ ಕಂಪ್ಯೂಟರ್ ಪ್ರತಿಯಲ್ಲಿ, ನೂರಾ ಹನ್ನೆರಡನೇ ಪುಟದಲ್ಲಿ, 'ಅಪಘಾತದಲ್ಲಿ ಮೃತಪಟ್ಟ ಕಾರ್ಮಿಕರು' ಎಂಬ ಸಾಲಿನ ಎದುರು ಸೊನ್ನೆ ಇತ್ತು. ಹತ್ತು ಶೇರಿಟ್ಟುಕೊಂಡು, ಪತ್ರ ಬರೆದು ಬರೆದು ಅಪ್ಪಯ್ಯ ಮನೆಗೆ ತರಿಸಿಕೊಂಡ ಅಚ್ಚಿನ ಪುಸ್ತಕದಲ್ಲಿ ಅದೇ ಸಾಲಿನ ಎದುರು 'ಒಂದು' ಎಂದಿತ್ತು.

'ಯಾವುದು ಸರಿ, ದಯವಿಟ್ಟು ತಿಳಿಸಿ' ಅಂತ ಇವಳು ಕಂಪನಿಗೆ ಎರಡು ಸಾಲಿನ ಈಮೇಲ್ ಹಾಕಿದಳು. 'ಮುದ್ರಣದೋಷ, ಸೊನ್ನೆಯೇ ಸರಿ' ಅಂತ ಉತ್ತರ ಬಂತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದಳು.

"ಅಂದರೆ... ಅದು ದೋಷ ಅಲ್ಲ? ಬೇಕಂತಲೇ ತಿದ್ದಿದ್ರಾ?"

"ಹೌದ್ರಿ."

"ಕಂಪನಿಯ ಅಂಕಿ ತಿದ್ದೋದು ಅಪರಾಧ ಅಂತ ಗೊತ್ತುಂಟಾ ನಿಮಗೆ? ಇಂಥ ಒಂದು ಅಂಕಿಯಿಂದ ಶೇರು ಬೀಳ್ತದೆ. ಬೀಳಿಸೋಕೆ ಎಷ್ಟು ಕೊಟ್ರು ನಿಮಗೆ? ಯಾರು ಕೊಟ್ರು?"

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಕಿರುಚುತ್ತಾನೆ ಅಂದುಕೊಂಡಳು. ಅವನು ಕಿರುಚಲಿಲ್ಲ.

"ಎಷ್ಟು ಕೊಟ್ರು ಅಂತ ನಮ್ಮವ್ವನ ಕೇಳ್ರಿ" ಅಂದ ಮೆಲ್ಲಗೆ. "ನಾನೂರು ಪ್ರತಿ ಅಚ್ಚಾಗಿದ್ವು. ಈಗಿನ ಕಾಲದಾಗ ಯಾರೂ ಓದಂಗಿಲ್ಲ ಅಂತ ಗೊತ್ತಿತ್ತು. ಒಬ್ಬರಾದ್ರೂ ಓದ್ಲಿ ಅಂತ ಬೇಡಿಕೊಂಡಿದ್ದೆ ನೋಡ್ರಿ... ಓದಿದವರು ನೀವು. ಓದಿ ಅಳಿಸಿಬಿಟ್ರಿ."

ತಿರುಗಿ ನಡೆದೇಬಿಟ್ಟ. ಲಾರಿಗಳ ಸಂದಿಯಲ್ಲಿ ಅವನ ಬೆನ್ನು ಕಾಣದಾಗುವವರೆಗೂ ಸುಮೇಧಾ ನೋಡುತ್ತ ನಿಂತಿದ್ದಳು. ಚಹಾ ತಣ್ಣಗಾಗಿತ್ತು.

*

ಆ ದಿನದಿಂದ ಅವಳಿಗೆ ನೆಮ್ಮದಿ ಇಲ್ಲ.

ಆಫೀಸಿನಲ್ಲಿ ಯಾವ ವರದಿ ತೆರೆದರೂ ಕಣ್ಣು ಸೊನ್ನೆಗಳ ಮೇಲೆಯೇ ಹೋಗಿ ನಿಲ್ಲುತ್ತಿತ್ತು. ಮೊದಲೆಲ್ಲ ಸೊನ್ನೆ ಕಂಡರೆ ಖುಷಿಯಾಗುತ್ತಿತ್ತು. ದೂರು ಸೊನ್ನೆ, ದಂಡ ಸೊನ್ನೆ, ಸಾವು ಸೊನ್ನೆ... ಒಳ್ಳೇ ಕಂಪನಿ! ಈಗ ಪ್ರತಿಯೊಂದರ ಹಿಂದೆಯೂ ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು.

ಮನೆಯಲ್ಲಿ ಇನ್ನೂ ವಿಚಿತ್ರ. ಅಚ್ಚಿನ ಪುಸ್ತಕ ಹಾಲಿನ ಟೀಪಾಯಿಯ ಮೇಲಿತ್ತು. ಬೆಳಿಗ್ಗೆ ಮುಚ್ಚಿ ಇಟ್ಟು ಹೋದರೆ ಸಂಜೆ ಬರುವಾಗ ತೆರೆದಿರುತ್ತಿತ್ತು. ಅದೂ ಅದೇ ಪುಟಕ್ಕೆ!

"ಅಪ್ಪಯ್ಯ, ಇದನ್ನು ನೀವು ತೆಗೆದಿರಾ?"

"ನಾನು ಯಾಕೆ ತೆಗೀಲಿ ಮಾರಾಯ್ತಿ! ಫ್ಯಾನ್ ಹಾಕಿದರೆ ಸಾಕು, ಪಟಪಟ ಅಂತ ಅಲ್ಲಿಗೇ ಹೋಗಿ ನಿಲ್ತದೆ. ಎಂಥ ಪುಸ್ತಕವೋ ಏನೋ."

ಅಮ್ಮ ಸುಗುಣಾ ಒಳಗಿನಿಂದಲೇ ಅಂದರು, "ಆ ಪುಸ್ತಕವನ್ನು ಮೊದಲು ರದ್ದಿಯವನಿಗೆ ಹಾಕಿ. ನಂಗೆ ಅದನ್ನು ನೋಡಿದ್ರೆ ಸಮ ಕಾಣುದಿಲ್ಲ."

ಸುಮೇಧಾ ಹಾಕಲಿಲ್ಲ. ಕೈಗೆತ್ತಿಕೊಂಡಳು. ಆ 'ಒಂದು' ಅವಳನ್ನೇ ನೋಡುತ್ತಿತ್ತು.

'ತಿದ್ದಿದವನಿಗೆ ದುಡ್ಡು ಸಿಕ್ಕಿದ್ದರೆ ಕೆಲಸ ಹೋಯಿತು ಅಂತ ಯಾಕೆ ಅಷ್ಟು ಕುಗ್ಗಿಹೋಗಿದ್ದ? ಅವ್ವನನ್ನು ಕೇಳಿ ಅಂದನಲ್ಲ... ಅವ್ವ ಯಾಕೆ ಬಂದಳು ಮಧ್ಯದಲ್ಲಿ?'

ಹಿಂದಿನ ವರ್ಷದ ಪುಸ್ತಕವನ್ನೂ ಕಪಾಟಿನಿಂದ ತೆಗೆದಳು. ಐತಾಳರು ಯಾವುದನ್ನೂ ಬಿಸಾಡುವವರಲ್ಲ, ಪುಣ್ಯ! ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಹರಡಿ ಕೂತಳು.

ಹಿಂದಿನ ವರ್ಷದ ಪುಸ್ತಕದಲ್ಲಿ ಸಾವು ಸೊನ್ನೆ. ಆದರೆ ಕೆಳಗಿನ ಸಾಲು: ಗಂಭೀರವಾಗಿ ಗಾಯಗೊಂಡ ಕಾರ್ಮಿಕರು, ಒಂದು.

ಹೊಸ ಪುಸ್ತಕದಲ್ಲಿ ಈ ವರ್ಷದ ಅಂಕಿಯ ಪಕ್ಕದಲ್ಲಿ ಹಿಂದಿನ ವರ್ಷದ ಅಂಕಿಯನ್ನೂ ಹಾಕಬೇಕು. ಅದು ನಿಯಮ. ಹಾಕಿದ್ದರು. ಗಂಭೀರವಾಗಿ ಗಾಯಗೊಂಡವರು, ಹಿಂದಿನ ವರ್ಷ: ಸೊನ್ನೆ.

ಸುಮೇಧಾ ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು.

ಹೋದ ವರ್ಷ ಇದ್ದ ಒಬ್ಬ ಗಾಯಾಳು ಈ ವರ್ಷ ಇಲ್ಲ! ಈ ವರ್ಷ ಮಾತ್ರವಲ್ಲ, ಹೋದ ವರ್ಷವೂ ಇರಲೇ ಇಲ್ಲ ಅನ್ನುತ್ತಿದ್ದಾರೆ. ಯಾರವನು? ಏನಾದ? ವಾಸಿಯಾಗಿ ಮನೆಗೆ ಹೋದನಾ, ಅಥವಾ...

ಇನ್ನೊಂದು ನೆನಪಾಯಿತು. ತಾನೇ ಹೋದ ತಿಂಗಳು ಈ ಕಂಪನಿಯ ಬಗ್ಗೆ ಬರೆದು, ತನ್ನ ಹೆಸರು ಹಾಕಿ, ಇನ್ನೂರು ಗಿರಾಕಿಗಳಿಗೆ ಕಳಿಸಿದ ಟಿಪ್ಪಣಿ. ಅದರಲ್ಲಿ ಒಂದು ಸಾಲು: 'ಕಾರ್ಮಿಕರ ಸುರಕ್ಷತೆಯಲ್ಲಿ ಕಳಂಕವಿಲ್ಲದ ಕಂಪನಿ.'

ಅಯ್ಯೋ ದೇವರೇ!

*

ಪ್ರೆಸ್ಸಿಗೆ ಹೋಗಿ ಕೇಳಿದಾಗ ಬೈಂಡಿಂಗ್ ವಿಭಾಗದ ಅನಸೂಯಾ ಎಂಬ ಹೆಂಗಸು ಅಂಬಾರಾಯನ ವಿಳಾಸ ಕೊಟ್ಟಳು. ಕೊಡುವಾಗ ಮುಖ ಗಂಟಿಕ್ಕಿ, "ಮೇಲ್ ಹಾಕಿದಾಕಿ ನೀನೇ ಏನವ್ವಾ? ಹೋಗು. ಬೆಳಿಗ್ಗೆ ಏಳೂ ಮೂವತ್ತಕ್ಕ ಹೋಗು. ಕಣ್ಣಾರೆ ನೋಡು" ಅಂದಳು.

ಭಾನುವಾರ ಸುಮೇಧಾ ಡೊಂಬಿವಲಿಗೆ ಹೋದಳು. ಪೂರ್ವದ ಕಡೆಯ ಚಾಳಿನಲ್ಲಿ ಕೊನೆಯ ಖೋಲಿ. ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲ ಹೊರಗೆ ಒಂದು ಜೊತೆ ದೊಡ್ಡ ಚಪ್ಪಲಿ. ಯಾರೂ ಬಹಳ ದಿನದಿಂದ ಮೆಟ್ಟಿಲ್ಲ, ಆದರೆ ಧೂಳಿಲ್ಲ, ದಿನಾ ಒರೆಸುತ್ತಾರೆ.

ಒಳಗೆ ಅಂಬಾರಾಯ ಇವಳನ್ನು ನೋಡಿ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಅವನ ತಾಯಿ ಮರಗಮ್ಮ ಅಂದಳು, "ಯಾರದು? ಬಾ ಯವ್ವಾ, ಕೂಡು. ಚಾ ಆಗ್ಯದ."

ಮುದುಕಿ ನಾಲ್ಕು ಲೋಟ ಇಟ್ಟಳು. ನಾಲ್ಕಕ್ಕೂ ಚಹಾ ಹೊಯ್ದಳು.

ಮೂವರಿದ್ದದ್ದು. ನಾಲ್ಕನೆಯದನ್ನು ಬಾಗಿಲ ಹತ್ತಿರ ಇಟ್ಟು, ಮೇಲೆ ತಟ್ಟೆ ಮುಚ್ಚಿ, ಹೊರಗಿನ ಓಣಿ ನೋಡುತ್ತ ಕೂತಳು.

ಗೋಡೆಯ ಗಡಿಯಾರ ಏಳೂ ನಲವತ್ತು ತೋರಿಸಿತು. ದೂರದಲ್ಲಿ ಎಲ್ಲೋ ಕಾರ್ಖಾನೆಯ ಬಸ್ಸು ಬ್ರೇಕು ಹಾಕಿದ ಸದ್ದು. ಮರಗಮ್ಮನ ಕುತ್ತಿಗೆ ಉದ್ದವಾಯಿತು. ಓಣಿಯಲ್ಲಿ ಹೆಜ್ಜೆಗಳು ಬಂದವು, ಹತ್ತಿರವಾದವು, ಬೇರೆ ಬೇರೆ ಬಾಗಿಲುಗಳಿಗೆ ಹೋದವು. ಈ ಬಾಗಿಲಿಗೆ ಯಾರೂ ಬರಲಿಲ್ಲ.

ಆದರೆ ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣ ಸುಮೇಧಾಳಿಗೂ ಯಾರೋ ಹೊಸ್ತಿಲ ಹತ್ತಿರ ನಿಂತು ಚಪ್ಪಲಿ ಬಿಡುತ್ತಿದ್ದಾರೆ ಅನ್ನಿಸಿತು.

"ನಮ್ಮಣ್ಣ ಭೀಮು" ಅಂದ ಅಂಬಾರಾಯ, ಮೆಲು ದನಿಯಲ್ಲಿ. "ರಾತ್ರಿ ಪಾಳಿ ಮುಗಿಸಿ ಇದೇ ಹೊತ್ತಿಗೆ ಬರತಿದ್ದ. ಶುಭ್ರವರ್ಣದಾಗ ಗುತ್ತಿಗೆ ಕೆಲಸ, ಡ್ರಮ್ ಏರಿಸಿ ಇಳಿಸೋದು. ಹೋದ ವರ್ಷ ಮಾರ್ಚ್ ಇಪ್ಪತ್ತೇಳಕ್ಕ ಡ್ರಮ್ಮಿಗೆ ಬೆಂಕಿ ಹತ್ತಿತು. ಏಪ್ರಿಲ್ ಒಂಬತ್ತಕ್ಕ ದವಾಖಾನಿಯಾಗ ಹೋದ."

ಮಾರ್ಚ್ ಇಪ್ಪತ್ತೇಳು. ಏಪ್ರಿಲ್ ಒಂಬತ್ತು.

ಕಂಪನಿಗಳ ವರ್ಷ ಮುಗಿಯುವುದು ಮಾರ್ಚ್ ಮೂವತ್ತೊಂದಕ್ಕೆ. ಸುಮೇಧಾಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳೇ ಹೇಳಿದಳು, "ಹೋದ ವರ್ಷದ ಪುಸ್ತಕದಲ್ಲಿ ಅವರು ಇನ್ನೂ ಸತ್ತಿರಲಿಲ್ಲ..."

"ಈ ವರ್ಷದ ಪುಸ್ತಕದಾಗ ಅಂವ ಅವರ ಮನಿಷಾನೇ ಅಲ್ಲ. ಮೂವತ್ತೊಂದಕ್ಕ ಗುತ್ತಿಗೆ ಮುಗಿದಿತ್ತಂತ. ಎರಡು ಪುಸ್ತಕದ ನಡುವ ಬಿದ್ದುಹೋದ ನಮ್ಮಣ್ಣ."

ಅಂಬಾರಾಯ ಹೊಸ್ತಿಲ ಹೊರಗಿನ ಚಪ್ಪಲಿಯ ಕಡೆ ನೋಡಿದ.

"ಅಂವ ಓದಿದಾಂವಲ್ಲ. ಚೀಲ ಹೊತ್ತು ನನ್ನ ಕಂಪ್ಯೂಟರ್ ಕೋರ್ಸಿಗೆ ಹಾಕಿದ. ನಾ ಜೋಡಿಸಿದ ಪುಸ್ತಕ ಮನಿಗೆ ತಂದ್ರ ಹಾಳಿ ಮುಟ್ಟಿ ಮುಟ್ಟಿ ನೋಡತಿದ್ದ. 'ನಿನ್ನ ಪುಸ್ತಕದಾಗ ಒಮ್ಮೆ ನನ್ನ ಹೆಸರೂ ಹಾಕಲೇ ತಮ್ಮಾ' ಅಂತಿದ್ದ. ಚಾಷ್ಟಿ ಮಾಡತಿದ್ದ ರೀ... ಆಮ್ಯಾಲ ಈ ಜುಲೈದಾಗ ಶುಭ್ರವರ್ಣದ ಫೈಲು ನನ್ನ ಟೇಬಲ್ಲಿಗೇ ಬಂತು. ಸಾವು, ಸೊನ್ನೆ. ನನ್ನ ಕೈಲೇ ಜೋಡಸಬೇಕು! ಮೂರು ದಿನ ನಿದ್ದಿ ಇಲ್ಲ. ಕಡೀಗೆ ಹೆಸರು ಹಾಕಲಿಕ್ಕೆ ಆಗಲಿಲ್ಲ, ಒಂದು ಅಂತ ಹಾಕಿದೆ. ಆ ಪುಟದ ಹತ್ತಿರ ನಾನೂರು ಪ್ರತಿಯ ಬೆನ್ನೂ ಒತ್ತಿದೆ, ತಾನೇ ತೆರೀಲಿ ಅಂತ."

ಹಾಗಾದರೆ ಆ ಪುಸ್ತಕ ತಾನಾಗಿ ತೆರೆಯುತ್ತಿದ್ದದ್ದು ಇದಕ್ಕೆ! ಕಾರಣ ಗೊತ್ತಾಯಿತು. ಗೊತ್ತಾದರೂ ಹೆದರಿಕೆ ಹೋಗಲಿಲ್ಲ, ಇನ್ನೂ ಆಳಕ್ಕಿಳಿಯಿತು.

"ನನ್ನನ್ನು ಕ್ಷಮಿಸಿ" ಅಂದಳು. "ದುಡ್ಡಿನ ಮಾತಾಡಿದೆ ನಾನು... ಸಾರಿ."

ಅವನು ಅವಳನ್ನೇ ನೋಡಿದ.

"ನಿಮ್ಮ ಸಾರಿ ಯಾವ ಪುಟದಾಗ ಬರತದ್ರಿ?"

ಮರಗಮ್ಮ ಬಾಗಿಲಿನಿಂದಲೇ ಅಂದಳು, "ಯಾಕಲೇ ಬಂದ ಹುಡುಗಿ ಮ್ಯಾಲ ಹರಿಹಾಯ್ತಿ? ಯವ್ವಾ, ನೀ ಓದಿದಾಕಿ. ಅಂವ ನಮ್ಮಲ್ಲಿ ಸತ್ತೇ ಇಲ್ಲ ಅಂತಾರವರು. ಮತ್ತ ಸಾಯದಿದ್ರ ಮನಿಗಿ ಬರಬೇಕಲ್ಲ? ಅದಕ್ಕ ಬಾಗಿಲ ತೆರದಿಡ್ತೀನಿ. ನಾ ಹುಚ್ಚಿ ಏನು?"

ಹಿಂತಿರುಗುವ ಲೋಕಲ್ಲಿನಲ್ಲಿ ಸುಮೇಧಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಆ ಸೊನ್ನೆಯನ್ನು ಒಂದು ಮಾಡದೆ ತನಗಿನ್ನು ನೆಮ್ಮದಿ ಇಲ್ಲ, ಆ ಮುದುಕಿಗೂ ಇಲ್ಲ. ಅಂಬಾರಾಯನಿಗೂ... ಆ ಹೆಸರು ಬಂದಾಗ ಎದೆಯಲ್ಲಿ ಏನೋ ಬೇರೆಯದೇ ಕದಲಿತು. 'ಛೆ, ಇದೆಂಥದು!' ಅಂತ ತನ್ನನ್ನೇ ಬೈದುಕೊಂಡಳು.

*

ಅಂಬಾರಾಯನಿಗೆ ನೆರೂಳದ ಕಾಲೇಜೊಂದರ ಎದುರು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಸುಮೇಧಾ ಶನಿವಾರ ಅಲ್ಲಿಗೆ ಹೋದಳು. ಒಂದಲ್ಲ, ನಾಲ್ಕು ಶನಿವಾರ. ಪ್ರತಿ ಸಲವೂ ಕೈಯಲ್ಲಿ ಕಾಗದಗಳ ಕಂತೆ.

ಮೊದಲ ಸಲ ಅವನು ಮುಖ ಎತ್ತಲಿಲ್ಲ. "ಎಷ್ಟು ಪ್ರತಿ?" ಅಂದ, ಗಿರಾಕಿಗೆ ಕೇಳಿದ ಹಾಗೆ.

ಎರಡನೆಯ ಸಲ ಭೀಮುವಿನ ದವಾಖಾನೆಯ ಚೀಟಿ, ಗೇಟ್ ಪಾಸು ತಂದು ಕೊಟ್ಟ.

ಮೂರನೆಯ ಸಲ ಇಬ್ಬರೂ ಅಂಗಡಿಯ ಹಿಂದೆ ಸ್ಟೂಲಿನ ಮೇಲೆ ಕೂತು ಎರಡು ಪುಸ್ತಕ ಓದಿದರು. ಅವನು ಓದುವ ರೀತಿ ನೋಡಿ ಅವಳಿಗೆ ಅಚ್ಚರಿ! ಏಳು ವರ್ಷ ಪ್ರೂಫು ನೋಡಿದವನು. ಎಲ್ಲಿ ಕಂಪನಿಯವರು ಕೊನೇ ಗಳಿಗೆಯಲ್ಲಿ ಸಾಲು ಬದಲಿಸಿದ್ದಾರೆ ಅಂತ ಅಕ್ಷರದ ಸಂದಿ ನೋಡಿಯೇ ಹೇಳುತ್ತಿದ್ದ.

"ನೀವು ಹಿಂದಿನಿಂದ ಓದ್ತೀರಂತಲ್ಲ? ಎಲ್ಲಾರೂ ಅಧ್ಯಕ್ಷರ ಫೋಟೋ ನೋಡಿ ಮುಚ್ಚಿಡ್ತಾರ."

"ಆ ಫೋಟೋಗಳನ್ನೂ ನೀವೇ ಜೋಡಿಸ್ತೀರಾ?"

"ಮತ್ತ? ಒಬ್ಬರಿಗೆ ತಲಿ ಮ್ಯಾಲ ಕೂದಲಾ ಹಚ್ಚಿಕೊಟ್ಟೀನಿ."

ಅವಳು ಕಿಸಕ್ಕನೆ ನಕ್ಕಳು. ಅವನೂ ನಕ್ಕ. ಮರುಕ್ಷಣವೇ ಇಬ್ಬರೂ ನಾಚಿದರು. ನಗುವ ಹೊತ್ತಾ ಇದು? ಎದುರಿನ ಪುಟದ ಸೊನ್ನೆಯಲ್ಲಿ ಭೀಮು ಇದ್ದ.

"ಅಣ್ಣ ನೋಡತಿದ್ದಾನ ಅನ್ನಸ್ತದ್ರಿ ನನಗ" ಅಂದ ಅಂಬಾರಾಯ. "ನೀವು ಬಂದಾಗ ಮಾತ್ರ ಸಿಟ್ಟಿಲ್ಲದ ನೋಡತಾನ."

ಆ ಮಾತು ಹೊತ್ತುಕೊಂಡು ಅವಳು ಠಾಣೆಯವರೆಗೂ ಹೋದಳು.

ಆಫೀಸಿನಲ್ಲಿ ಬಾಸ್ ಮನೀಶ ಮಾತ್ರ ಖಡಾಖಂಡಿತ ಹೇಳಿದ, "ನೋಡು ಸುಮೇಧಾ, ಒಂದು ಅಂಕಿಗೋಸ್ಕರ ಕಂಪನಿಯ ಜೊತೆ ಪಂಗಾ ಬೇಡ. ಅವರೇ ಮುದ್ರಣದೋಷ ಅಂದಮೇಲೆ ಮುಗೀತಲ್ಲ? ಛೋಡ್ ನಾ ಯಾರ್."

ಅಷ್ಟರಲ್ಲಿ ಕಂಪನಿಯ ವಾರ್ಷಿಕ ಮಹಾಸಭೆ ಬಂತು. ಈಗೆಲ್ಲ ಅದು ಕಂಪ್ಯೂಟರಿನಲ್ಲೇ. ಶೇರುದಾರರು ಮೊದಲೇ ಹೆಸರು ಕೊಟ್ಟರೆ ಮೂರು ನಿಮಿಷ ಮಾತಾಡಬಹುದು. ಅಪ್ಪಯ್ಯ ಪ್ರತಿ ಸಭೆಯಲ್ಲೂ ಹೆಸರು ಕೊಟ್ಟು ಮಾತಾಡುವವರು. ಪ್ರತಿ ಸಲವೂ ಅದೇ ಮಾತು: ಅಧ್ಯಕ್ಷರಿಗೆ ಅಭಿನಂದನೆ, ಮುಂದಿನ ವರ್ಷವಾದರೂ ಸಭಾಂಗಣದಲ್ಲಿ ಸಭೆ ಮಾಡಿ, ಮೊದಲಿನ ಹಾಗೆ ತಿಂಡಿಯ ಪೊಟ್ಟಣ ಕೊಡಿ!

"ಅಪ್ಪಯ್ಯ, ಈ ಸಲ ತಿಂಡಿ ಬೇಡ. ಇದನ್ನು ಕೇಳ್ತೀರಾ?" ಚೀಟಿ ಕೊಟ್ಟಳು.

ಐತಾಳರು ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.

"ನಮ್ಮ ಹೋಟೆಲಿನಲ್ಲಿ ಎಣ್ಣೆಯ ಬಾಣಲೆ ಮಗುಚಿ ಕೆಲಸದ ಚನಿಯನ ಕಾಲು ಸುಟ್ಟದ್ದು ನೆನಪುಂಟಾ ನಿನಗೆ? ಮೂರು ತಿಂಗಳು ನಮ್ಮ ಮನೆಯಲ್ಲೇ ಇದ್ದ. ಅವನು ನಮ್ಮವನಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರ್ತದಾ ಮನುಷ್ಯರಿಗೆ?" ಅಂದರು. "ಕೇಳ್ತೇನೆ ಮಗಾ."

ಸಭೆಯ ದಿನ ಅಂಬಾರಾಯನೂ ಬಂದ. ಐತಾಳರ ಹಿಂದೆ, ಕ್ಯಾಮೆರಾಕ್ಕೆ ಕಾಣದ ಹಾಗೆ ನಿಂತ. ಐತಾಳರು ಮೊದಲ ಬಾರಿಗೆ ಅಭಿನಂದನೆ ಹೇಳಲಿಲ್ಲ. ತಮ್ಮ ಹೋಟೆಲಿನ ಹಿಂದಿಯಲ್ಲಿ ನೇರ ಕೇಳಿದರು, "ಹೋದ ವರ್ಷದ ನಿಮ್ಮ ಪುಸ್ತಕದಲ್ಲಿ ಒಬ್ಬ ಗಾಯಾಳು ಇದ್ದ. ಈ ಪುಸ್ತಕದಲ್ಲಿ ಅವನು ಎಲ್ಲಿ ಹೋದ ಸ್ವಾಮಿ?"

ಪರದೆಯ ಮೇಲಿನ ಅಧ್ಯಕ್ಷರು ಪಕ್ಕಕ್ಕೆ ನೋಡಿದರು. ಯಾರೋ ಚೀಟಿ ಕೊಟ್ಟರು. "ಈಮೇಲ್ ಮೂಲಕ ಉತ್ತರಿಸುತ್ತೇವೆ. ಧನ್ಯವಾದ. ಮುಂದಿನವರು..."

ಐತಾಳರ ದನಿ ಕಟ್ಟಾಯಿತು. ಬಾಯಿ ಆಡುತ್ತಿತ್ತು, ಆ ಕಡೆ ಕೇಳುತ್ತಿರಲಿಲ್ಲ.

"ಹೋದ ಪುಟ್ಟ, ಬಂದ ಪುಟ್ಟ ಆಯ್ತಲ್ಲ" ಅಂತ ಕೂತುಬಿಟ್ಟರು.

ಮೆಟ್ಟಿಲಲ್ಲಿ ಅಂಬಾರಾಯ ಅವಳನ್ನು ತಡೆದ. "ಸಾಕು ಬಿಡ್ರಿ. ಇನ್ನ ನೀವು ಬರಬ್ಯಾಡ್ರಿ."

"ಯಾಕೆ?"

"ನಿಮ್ಮ ಕೆಲಸಾನೂ ಹೋಗತದ. ಮತ್ತ... ತಪ್ಪು ಮಾಡೀನಿ ಅಂತ ಬರಾಕತ್ತೀರಿ ನೀವು. ಪಾಪ ಅನ್ನಿಸಿ ಬರಾಕತ್ತೀರಿ. ನನಗ ಅದು ಬ್ಯಾಡ. ಶನಿವಾರ ಬಂತಂದ್ರ ಬಾಗಿಲ ನೋಡತೀನಿ ನಾನು. ನಮ್ಮ ಮನಿಯಾಗ ಬಾಗಿಲ ನೋಡಾಕಿ ಒಬ್ಬಾಕಿ ಸಾಕು."

ಅವನು ಇಳಿದು ಹೋದ.

'ಪಾಪ ಅನ್ನಿಸಿ ಬರ್ತೇನಾ ನಾನು? ಪೆದ್ದ! ಕಣ್ಣು ಕಾಣೋದಿಲ್ವಾ ನಿನಗೆ?' ಸುಮೇಧಾಳ ಗಂಟಲಿನವರೆಗೆ ಬಂದ ಮಾತು ಅಲ್ಲೇ ಉಳಿಯಿತು.

*

ಅಳುತ್ತ ಕೂರುವ ಹುಡುಗಿಯಲ್ಲ ಅವಳು. ಒಂದು ದಿನ ಅತ್ತಳು ಅನ್ನಿ. ಮರುದಿನ ಆಫೀಸಿಗೆ ಹೋಗಿ ಮನೀಶನ ಎದುರು ಕೂತಳು.

"ಕಂಪನಿಯ ತಪ್ಪು ಬರೆಯೋದಿಲ್ಲ ಸರ್. ನನ್ನ ತಪ್ಪು ಬರೀತೇನೆ. ಕಳಂಕವಿಲ್ಲ ಅಂತ ಬರೆದವಳು ನಾನು. ಅದನ್ನು ತಿದ್ದಬೇಕಲ್ಲ?"

ಮನೀಶ ಬಹಳ ಹೊತ್ತು ಪೆನ್ನು ತಿರುಗಿಸಿದ. "ನಮ್ಮ ಆಫೀಸಿನ ಹೆಸರು ಹಾಕಬೇಡ. ನಿನ್ನ ಹೆಸರಲ್ಲಿ ಹಾಕು. ಏನಾದರೂ ಆದರೆ ನಾನು ನಿನ್ನ ಹಿಂದೆ ನಿಲ್ಲೋದಿಲ್ಲ. ಹೋಗಬೇಕಾದರೆ ನೀನೇ ಹೋಗಬೇಕು."

"ಆಗಲಿ ಸರ್."

ಒಂದೂವರೆ ಪುಟ. ಎರಡೂ ವರ್ಷದ ಪುಸ್ತಕದ ಸಾಲುಗಳು ಅಕ್ಕಪಕ್ಕ. ಎರಡು ತಾರೀಖು. ಗೇಟ್ ಪಾಸಿನ ಚಿತ್ರ. ಇನ್ನೂರು ಗಿರಾಕಿಗಳಿಗೂ, ಶೇರು ವಿನಿಮಯ ಕೇಂದ್ರಕ್ಕೂ ಕಳಿಸಿದಳು. ನಂತರ ಫೋನು ಉಲ್ಟಾ ಇಟ್ಟು ಕೂತಳು.

ಒಂದು ವಾರ, ಎರಡು ವಾರ... ಏನೂ ಇಲ್ಲ. ಕಂಪನಿಯ ವಕೀಲರಿಂದ ನೋಟಿಸು ಮಾತ್ರ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ! ಅಮ್ಮ ಹೆದರಿ ದೇವರಿಗೆ ಹರಕೆ ಹೊತ್ತರು. ಅಂಬಾರಾಯನಿಂದ ಒಂದು ಅಕ್ಷರವಿಲ್ಲ. ಶನಿವಾರಗಳು ಬಂದವು, ಹೋದವು. ಪುಸ್ತಕ ಮಾತ್ರ ಟೀಪಾಯಿಯ ಮೇಲೆ ಅದೇ ಪುಟಕ್ಕೆ ತೆರೆದುಕೊಳ್ಳುತ್ತಲೇ ಇತ್ತು. ಅವಳೀಗ ಅದಕ್ಕೆ ಹೆದರುತ್ತಿರಲಿಲ್ಲ. "ಸ್ವಲ್ಪ ತಾಳಿ ಭೀಮಣ್ಣ" ಅನ್ನುತ್ತಿದ್ದಳು.

ಅವಳ ಟಿಪ್ಪಣಿ ಓದಿದ ಇಬ್ಬರು ದೊಡ್ಡ ಹೂಡಿಕೆದಾರರು ಕಂಪನಿಗೆ ಅದೇ ಪ್ರಶ್ನೆ ಕೇಳಿದ್ದು, ವಿನಿಮಯ ಕೇಂದ್ರ ವಿವರಣೆ ಬೇಡಿದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಒಬ್ಬ ಐತಾಳರ ದನಿ ಕಟ್ಟು ಮಾಡಬಹುದು, ಎಲ್ಲರದ್ದೂ ಆಗುತ್ತದಾ?

ಐದನೆಯ ವಾರ, ದೀಪಾವಳಿಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಆರಕ್ಕೆ ಅಭ್ಯಾಸದಂತೆ ಅವಳು ವಿನಿಮಯ ಕೇಂದ್ರದ ಪುಟ ತೆರೆದಳು. ಹಿಂದಿನ ಸಂಜೆ ಶುಭ್ರವರ್ಣ ಕೆಮಿಕಲ್ಸ್ ಒಂದು ಹಾಳೆ ಸಲ್ಲಿಸಿತ್ತು. ತಿದ್ದುಪಡಿ.

ಓದಿದಳು. ಇನ್ನೊಮ್ಮೆ ಓದಿದಳು. ಮನೆಯಲ್ಲಿದ್ದ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು, ತಲೆ ಕೂಡ ಬಾಚದೆ, ಸ್ಟೇಷನ್ನಿಗೆ ಓಡಿದಳು.

*

ಏಳೂ ನಲವತ್ತಕ್ಕೆ ಐದು ನಿಮಿಷ ಇತ್ತು. ಡೊಂಬಿವಲಿಯ ಆ ಬಾಗಿಲು ಹಾರು ಹೊಡೆದೇ ಇತ್ತು. ಲೋಟ, ಅದರ ಮೇಲೆ ತಟ್ಟೆ, ಓಣಿ ನೋಡುವ ಮರಗಮ್ಮ.

ಏದುಸಿರು ಬಿಡುತ್ತ ಬಂದವಳನ್ನು ನೋಡಿ ಅಂಬಾರಾಯ ಸ್ಟೂಲಿನಿಂದ ಎದ್ದ. ಅವಳು ಮಾತಾಡದೆ ಹಾಳೆ ಚಾಚಿದಳು. ಅಷ್ಟೂ ಪುಸ್ತಕ ಜೋಡಿಸಿದವನು ಆ ಒಂದು ಹಾಳೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಏನಲೇ ಅದು? ಓದು" ಅಂದಳು ಮರಗಮ್ಮ.

"'ನೂರಾ ಹನ್ನೆರಡನೇ ಪುಟ...'" ಅವನು ಓದಿದ. "'ಅಪಘಾತದಲ್ಲಿ ಮೃತಪಟ್ಟ ಕಾರ್ಮಿಕರು... ಸೊನ್ನೆ ಎಂಬುದನ್ನು... ಒಂದು ಎಂದು ಓದಿಕೊಳ್ಳತಕ್ಕದ್ದು.'"

"ಅಂದ್ರ?"

"ಅವ್ವಾ... ಅಣ್ಣ ಸತ್ತದ್ದು ತಮ್ಮಲ್ಲೇ ಅಂತ ಬರಕೊಟ್ಟಾರ. ಅಣ್ಣಗ ಎಣಿಸ್ಯಾರ ಅವ್ವಾ!"

ಹೊರಗೆ ಬಸ್ಸಿನ ಬ್ರೇಕು ಕೇಳಿಸಿತು. ಓಣಿಯಲ್ಲಿ ಹೆಜ್ಜೆಗಳು ಬಂದವು, ಹೋದವು.

ಮರಗಮ್ಮ ಈ ಸಲ ಕುತ್ತಿಗೆ ಚಾಚಲಿಲ್ಲ. ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ಅಕ್ಷರ ಬಾರದ ಬೆರಳಿನಿಂದ ಸವರಿದಳು. "ಎಲ್ಲಿ ಅದಾನ?" ಅಂದಳು. ಸುಮೇಧಾ ಪಕ್ಕದಲ್ಲಿ ಕುಳಿತು, ಆ ಬೆರಳು ಹಿಡಿದು 'ಒಂದು' ಇದ್ದಲ್ಲಿ ಇಟ್ಟಳು.

ಮುದುಕಿಗೆ ಹದಿನೆಂಟು ತಿಂಗಳ ಅಳು ಆಗ ಬಂತು. ಅತ್ತಳು, ಅತ್ತಳು, ಚಾಳಿನ ಹೆಂಗಸರೆಲ್ಲ ಬಾಗಿಲಿಗೆ ಬರುವ ಹಾಗೆ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಭೀಮುವಿನ ಲೋಟದ ಮೇಲಿನ ತಟ್ಟೆ ತೆಗೆದಳು. ಚಹಾ ಇನ್ನೂ ಬಿಸಿ ಇತ್ತು.

"ತಗೋ ಯವ್ವಾ" ಅಂತ ಸುಮೇಧಾಳ ಕೈಗೆ ಕೊಟ್ಟಳು. "ಕುಡಿ. ಇದು ಇನ್ನ ಆರಬಾರದು."

ಚಪ್ಪಲಿಯನ್ನು ಎತ್ತಿ ಎದೆಗೊತ್ತಿಕೊಂಡು ಒಳಗಿನ ಪೆಟ್ಟಿಗೆಯ ಕಡೆ ಹೋದಳು.

ಹೊಸ್ತಿಲಲ್ಲಿ ಇಬ್ಬರೇ ಉಳಿದರು.

"ನಿಮ್ಮ ಟಿಪ್ಪಣಿ ಓದಿದೆ" ಅಂದ ಅಂಬಾರಾಯ. "ಪ್ರೆಸ್ಸಿನವರ ಫೋನಿಗೂ ಬಂದಿತ್ತಂತ, ಅನಸೂಯಕ್ಕ ಕಳಿಸಿದ್ಲು. ಮೊದಲನೇ ಸಾಲು... 'ಅವರ ಹೆಸರು ಭೀಮು, ವಯಸ್ಸು ಮೂವತ್ತೆರಡು.' ಅಣ್ಣನ ಹೆಸರು ನಾ ಹಾಕಲಿಲ್ಲ, ನೀವು ಹಾಕಿದ್ರಿ."

"ಓದಿಯೂ ಒಂದು ಫೋನು ಮಾಡಲಿಲ್ಲ?"

"ಮಾಡಿದ್ರ ಅತ್ತುಬಿಡತಿದ್ದೆ. ಮತ್ತ ಬರ್ರಿ ಅಂತ ಅಂದುಬಿಡತಿದ್ದೆ." ತಲೆ ತಗ್ಗಿಸಿದ. "ಇನ್ನ ಕೆಲಸ ಮುಗೀತಲ್ರಿ... ಇನ್ನ ಬರಾಂಗಿಲ್ಲ ನೀವು."

ಸುಮೇಧಾಳಿಗೆ ಸಿಟ್ಟು ನೆತ್ತಿಗೇರಿತು. ಐದು ವಾರ ಗಂಟಲಲ್ಲಿ ಇಟ್ಟುಕೊಂಡ ಮಾತು ಹೊರಬಿತ್ತು.

"ಪಾಪ ಅನ್ನಿಸಿದವರಿಗೆ ಜನ ದುಡ್ಡು ಕಳಿಸ್ತಾರೆ ಮಾರಾಯ್ರೇ! ನೆರೂಳದ ತನಕ ಲೋಕಲ್ಲಿನಲ್ಲಿ ನಿಂತುಕೊಂಡು ಹತ್ತು ರೂಪಾಯಿಯ ಝೆರಾಕ್ಸ್ ಮಾಡಿಸೋಕೆ ಬರೋದಿಲ್ಲ. ನಮ್ಮ ಆಫೀಸಿನಲ್ಲಿ ಎರಡು ಮೆಷಿನು ಉಂಟು!"

ಅವನು ಕಣ್ಣರಳಿಸಿ ನೋಡಿದ. ಆ ಕಣ್ಣು, ಟಪರಿಯ ಮುಂದೆ ಮೊದಲ ದಿನ ಕಂಡ ಕಣ್ಣು. ಈಗ ಅದರಲ್ಲಿ ಸಿಟ್ಟಿರಲಿಲ್ಲ, ನೀರಿತ್ತು.

"ಖರೇನ?"

"ಖರೇನೇ. ನನಗೆ ನೀವು ಬೇಕು ಅಂಬಾರಾಯ. ಇದಕ್ಕೂ ಎರಡು ಪ್ರತಿ ಪ್ರೂಫು ಬೇಕಾ?"

ಅವನು ಅಳುತ್ತಲೇ ನಕ್ಕ. ಶಾಯಿಯ ಬೆರಳು ಮೆಲ್ಲಗೆ ಬಂದು ಅವಳ ಬೆರಳ ತುದಿ ಮುಟ್ಟಿತು, ಲೋಟದ ಬಿಸಿಯ ಮೇಲೆಯೇ.

"ನಾನೂರು ಪ್ರತಿ" ಅಂದ. "ಒಬ್ಬರಾದ್ರೂ ಓದ್ಲಿ ಅಂತ ಬೇಡಿಕೊಂಡಿದ್ದೆ."

"ಓದಿದೆನಲ್ಲ?"

"ಹೂಂ. ಓದಿದ್ರಿ."

"ಇನ್ನೂ ಬಹುವಚನವಾ?"

ಅವನು ಒಳಗೆ ನೋಡಿದ. ಪೆಟ್ಟಿಗೆ ಮುಚ್ಚಿದ ಸದ್ದು ಕೇಳಿಸಿತು. ಮತ್ತೆ ಅವಳ ಕಡೆ ತಿರುಗಿ, ತೀರಾ ಮೆಲ್ಲಗೆ ಅಂದ:

"ನೀ ಓದಿದಿ."

ಅವಳು ಆ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದಳು.